ಗಾಳಿಯ ಕಣ್ಣು

ನಮ್ಮ ಸೋದರಮಾವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೆ ಇಂಗ್ಲಿಷಿನ ಒಂದೊಂದು ಪದವೂ ಎಲ್ಲಿಂದ ಬಂತು ಎನ್ನುವುದು ಗೊತ್ತಿತ್ತು! ತೊಂಬತ್ತರ ದಶಕದಲ್ಲಿ ಮೂರು ವರ್ಷ ನಾನು ಅವರ ಮನೆಯಲ್ಲಿದ್ದುಕೊಂಡೇ ಪಾಂಡವಪುರದ ಕಾಲೇಜಿಗೆ ಹೋಗುತ್ತಿದ್ದೆ. ಆಗ ಕಣ್ಣಾರೆ ಕಂಡದ್ದನ್ನಷ್ಟೇ ಹೇಳುತ್ತೇನೆ.

ಮಾವ ಊರಿನ ಡೈರಿಯಲ್ಲಿ ಹಾಲು ಅಳೆಯುತ್ತಿದ್ದರು. ಶ್ರೀರಂಗಪಟ್ಟಣದ ಹಳೇ ಪೇಪರಿನ ಅಂಗಡಿಯಲ್ಲಿ ಅವರಿಗೆ ಪದಗಳ ಹುಟ್ಟು ಹೇಳುವ ಒಂದು ದಪ್ಪ ನಿಘಂಟು ಸಿಕ್ಕಿತ್ತು. ಮೊದಲ ಪುಟಗಳು ಹರಿದುಹೋಗಿದ್ದರಿಂದ ಎ ಮತ್ತು ಬಿ ಅಕ್ಷರದ ಪದಗಳಿಗೆ ಮಾವನ ಪಾಲಿಗೆ ಅಪ್ಪ ಅಮ್ಮ ಇರಲಿಲ್ಲ. ಬಸ್ಸನ್ನು ಕೂಡ ಅವರು ಸ್ವಲ್ಪ ಅನುಮಾನದಿಂದಲೇ ಹತ್ತುತ್ತಿದ್ದರು. ಓದಿ ಅರ್ಥ ಹೇಳುವ ಕೆಲಸ ನನ್ನದು, ನಂಬುವ ಕೆಲಸ ಅವರದು.

ಒಂದು ಭಾನುವಾರ ಸಂಜೆ ಜಗಲಿಯಲ್ಲಿ ಕೂತು 'ವಿಂಡೋ' ಎಂಬ ಪದವನ್ನು ಓದಿ ಹೇಳಿದೆ. ಉತ್ತರದ ಸಮುದ್ರದ ಜನ ದೋಣಿಯಲ್ಲಿ ಬಂದಾಗ ಇಂಗ್ಲಿಷರಿಗೆ ಕೊಟ್ಟ ಪದ ಅದು. ಗಾಳಿ, ಕಣ್ಣು ಎರಡೂ ಸೇರಿ ಗಾಳಿಯ ಕಣ್ಣು. ಆಗ ಗಾಜೆಲ್ಲಿತ್ತು? ಹೊಗೆ ಹೋಗಲು, ಬೆಳಕು ಬರಲು ಬರೀ ಒಂದು ತೂತು.

ಮಾವ ಗದ್ದೆಯ ಕಡೆ ತಿರುಗಿ ಕೂತರು. ನಾಲೆಯ ಕಡೆಯಿಂದ ಗಾಳಿ ಬಂತು. ಕಬ್ಬಿನ ಗದ್ದೆ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನಿಧಾನವಾಗಿ ಬಾಗಿ ಎದ್ದಿತು.

"ಅಂಗಾರೆ ನಾವು ಗಾಳೀನ ನೋಡಾದಲ್ಲ ಮಗ," ಎಂದರು. "ಅದೇ ಒಳೀಕೆ ಬಗ್ಗಿ ನಮ್ಮುನ್ನ ನೋಡ್ತದೆ."

ಅಲ್ಲಿಂದ ಶುರುವಾಯಿತು. ನಾಗಮಂಗಲದ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕರೂ ಮಾವ ಕೂರಲಿಲ್ಲ. ಕಿಟಕಿಯ ತಗಡು ಮೇಲೇಳದಂತೆ ಸಿಕ್ಕಿಕೊಂಡಿತ್ತು. "ಇದು ವಿಂಡೋ ಸೀಟಲ್ಲ ಕಣಪ್ಪ, ಕಣ್ಣು ಮುಚ್ಕಂಡದೆ," ಎಂದು ಕಂಡಕ್ಟರಿಗೆ ತಿಳಿಸಿದರು. "ನೀವೂ ಮುಚ್ಕಂಡು ಕೂತ್ಕಳಿ ಸೋಮಿ, ನಾಗಮಂಗಲ ಬಂದ್ರೆ ಎಬ್ಬುಸ್ತೀನಿ," ಎಂದ ಕಂಡಕ್ಟರು. ಮಾವ ಅಷ್ಟು ದೂರವೂ ನಿಂತೇ ಬಂದರು.

ಪಾಂಡವಪುರದಲ್ಲಿ ಹೊಸದಾಗಿ ಕಂಪ್ಯೂಟರ್ ಕಲಿಸುವ ಕೋಣೆಯೊಂದು ತೆರೆದಿತ್ತು. ಅದರ ಪರದೆಯ ಮೇಲೂ ವಿಂಡೋ ಇರುತ್ತದೆಂದು ನಾನು ಬಾಯಿಬಿಟ್ಟದ್ದೇ ತಪ್ಪಾಯಿತು. ಮಾವ ಹೋಗಿ ಪರದೆಯ ಮುಂದೆ ಅಂಗೈ ಹಿಡಿದು ನೋಡಿದರು. ಕಲಿಸುವ ಹುಡುಗಿ, "ಫ್ಯಾನ್ ಹಾಕ್ಲಾ ಸಾರ್?" ಎಂದು ಕೇಳಿದಳು.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಮನೆಯೊಳಗೆ ಅತ್ತೆ ಕೆಮ್ಮುತ್ತಿದ್ದರು.

ಅಣ್ಣತಮ್ಮಂದಿರು ಭಾಗವಾದಾಗ ಮನೆಯ ನಡುವೆ ಗೋಡೆ ಎದ್ದು, ಮಾವನ ಅಡುಗೆಮನೆ ಕತ್ತಲೆಯ ಮೂಲೆಗೆ ಬಿದ್ದಿತ್ತು. ಅದರ ಹೊರಗೋಡೆ ಒಂದೇ, ಅದೂ ದೊಡ್ಡಮಾವನ ಕೊಟ್ಟಿಗೆಯ ಕಡೆಗೆ. ಒಬ್ಬರ ಪಾಲಿನ ಕಡೆಗೆ ಇನ್ನೊಬ್ಬರು ಕಿಟಕಿ ಇಡಬಾರದು ಎಂಬುದು ಭಾಗದ ದಿನ ಹಿರಿಯರ ಮುಂದೆ ಆದ ಮಾತು. ಹಸಿ ಸೌದೆಯ ಹೊಗೆಯಲ್ಲಿ ಅತ್ತೆಯ ಎದೆ ವರ್ಷದಿಂದ ವರ್ಷಕ್ಕೆ ಕಟ್ಟುತ್ತಿತ್ತು. ಒಂದು ಕಿಟಕಿ ಕೇಳಿ ಎಂದು ಅವರು ಹೇಳುತ್ತಲೇ ಇದ್ದರು. ಮಾವನಿಗೆ ಅಣ್ಣನ ಮುಂದೆ ಬಾಯಿ ಬರುತ್ತಿರಲಿಲ್ಲ. ಈಗ ಪದ ಸಿಕ್ಕಿತಲ್ಲ, ಹೊರಟೇಬಿಟ್ಟರು.

ದೊಡ್ಡಮಾವ ತಮ್ಮ ಸೀಮೆಹಸುವಿನ ಮೈ ತೊಳೆಯುತ್ತಿದ್ದರು.

"ಅಣ್ಣಯ್ಯ, ಈ ಗೋಡೇಲಿ ಒಂದು ವಿಂಡೋ ಇಡ್ಬೇಕು. ವಿಂಡೋ ಅಂದ್ರೆ ಏನು ಗೊತ್ತಾ? ಕಣ್ಣು."

ದೊಡ್ಡಮಾವನ ಕೈ ನಿಂತಿತು. "ಏನಂದೆ? ನನ್ ಹಸೀನ ಮ್ಯಾಲೆ ಕಣ್ಣು ಬುಡ್ತೀಯೇನ್ಲಾ?"

"ಮನುಸರ ಕಣ್ಣಲ್ಲ ಅಣ್ಣಯ್ಯ, ಗಾಳೀದು."

"ಗಾಳಿ ಕಣ್ಣು ಅದ್ಕಿಂತ ಕೆಟ್ದು. ನಡಿ ಆಚೆ."

ಮಾರನೆಯ ಬೆಳಿಗ್ಗೆ ಆ ಹಸು ಅರ್ಧ ಲೀಟರು ಹಾಲು ಕಡಿಮೆ ಕೊಟ್ಟಿತು. ಅಳೆದವರು ಯಾರು? ಮಾವನೇ!

ಮಾವ ಸೋಲಲಿಲ್ಲ. ದೊಡ್ಡಮಾವನಿಗೆ ಸಂಸ್ಕೃತವೆಂದರೆ ಭಕ್ತಿ. ಹಾಗಾಗಿ ಮೇಲುಕೋಟೆಗೆ ಹೋಗಿ ವಯಸ್ಸಾದ ಪಂಡಿತರೊಬ್ಬರನ್ನು ಕಂಡು ಗವಾಕ್ಷಿ ಎಂಬ ಪದದ ಹುಟ್ಟು ಕೇಳಿಕೊಂಡು ಬಂದರು. ನೇರ ಕೊಟ್ಟಿಗೆಗೇ ಹೋದರು.

"ಅಣ್ಣಯ್ಯ, ಸಂಸ್ಕೃತದಲ್ಲಿ ಅದು ಗಾಳಿ ಕಣ್ಣೇ ಅಲ್ವಂತೆ. ಹಸೀನ ಕಣ್ಣಂತೆ."

ದೊಡ್ಡಮಾವ ಹಸುವನ್ನು ನೋಡಿದರು, ತಮ್ಮನನ್ನು ನೋಡಿದರು. "ನನ್ ಹಸೀನ ಕಣ್ಣು ಕಿತ್ತು ನಿನ್ ಗ್ವಾಡೆಗಿಕ್ಕಂತೀಯಾ? ಲೇ, ಮನೆಗೋಗ್ಲಾ."

ಅತ್ತೆ ಒಲೆಯ ಮುಂದಿನಿಂದಲೇ ಕೇಳಿಸಿಕೊಂಡರು. "ತೂತು ಅಂದಿದ್ರೆ ಸಾಕಾಗಿತ್ತು," ಎಂದು ನನಗಷ್ಟೇ ಕೇಳುವಂತೆ ಹೇಳಿ ಊದುಕೊಳವೆ ಎತ್ತಿಕೊಂಡರು.

ಮುಂದಿನದನ್ನು ಹೇಳುವಾಗ ನನಗೆ ಈಗಲೂ ನಿಧಾನ ಬೇಕು.

ಅದು ಜಡಿಮಳೆಯ ಒಂದು ಮಧ್ಯಾಹ್ನ. ನಾನು ನಡುಮನೆಯಲ್ಲಿ ಓದುತ್ತಿದ್ದೆ. ಮಾವ ಜಗಲಿಯಲ್ಲಿದ್ದರು. ಒಳಗೆ ಅತ್ತೆಯ ಕೆಮ್ಮು ಕೇಳಿಸುತ್ತಿತ್ತು. ಕೇಳಿ ಕೇಳಿ ಅದು ಮಳೆಯ ಸದ್ದಿನೊಳಗೇ ಸೇರಿಹೋಗಿತ್ತು. ಆಮೇಲೆ ಮಳೆ ಮಾತ್ರ ಕೇಳಿಸಿತು. ಕೆಮ್ಮು ನಿಂತಿದೆ ಎಂದು ನನಗೆ ಹೊಳೆಯಲು ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಎದ್ದು ಹೋದೆ. ಹೊಗೆ ಸೂರಿನಿಂದ ಸೊಂಟದ ಮಟ್ಟಕ್ಕೆ ಇಳಿದಿತ್ತು. ಅದರ ಕೆಳಗೆ ಅತ್ತೆಯ ಕಾಲು ಕಂಡಿತು.

ನಾನೂ ಮಾವನೂ ಅವರನ್ನು ಎಳೆದು ಜಗಲಿಗೆ ತಂದೆವು. ನನ್ನ ಕೂಗು ಕೇಳಿ ದೊಡ್ಡಮಾವ ಓಡಿ ಬಂದರು. ಅತ್ತೆಯ ಮುಖಕ್ಕೆ ನೀರು ಚಿಮುಕಿಸಿ ಕೂತರು. ಒಂದು ಉಸಿರು ಬಂತು. ಬಹಳ ಹೊತ್ತಿನ ಮೇಲೆ ಇನ್ನೊಂದು. ಆಮೇಲೆ ಕೆಮ್ಮು ಬಂತು. ಅದು ಕೇಳಿದ್ದೇ ದೊಡ್ಡಮಾವ ಎದ್ದು ಹೋದರು.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಧಡ್ ಎಂದಿತು. ಮತ್ತೆ ಧಡ್. ಅತ್ತೆಯ ತಲೆಯನ್ನು ಚಾಪೆಯ ಮೇಲಿಟ್ಟು ಮಾವ ಅಡುಗೆಮನೆಗೆ ಹೋದರು, ಹಿಂದೆ ನಾನು. ಗೋಡೆಯಿಂದ ಮಣ್ಣಿಟ್ಟಿಗೆಗಳು ಒಳಗೆ ಉದುರುತ್ತಿದ್ದವು. ಹಾರೆಯ ಮೊನೆ ಬಂತು, ಬೆಳಕು ಬಂತು, ಅದರ ಹಿಂದೆ ಮಳೆಯಲ್ಲಿ ನೆಂದ ದೊಡ್ಡಮಾವನ ಮುಖ. ಹೊಗೆ ಎದ್ದು ಮೆಲ್ಲಗೆ ಅತ್ತ ಹರಿಯತೊಡಗಿತು.

"ಎಷ್ಟಗಲ ಬೇಕು ಯೋಳ್ಲಾ," ಎಂದರು ದೊಡ್ಡಮಾವ.

ಮಾವನಿಗೆ ಒಂದು ಪದವೂ ಬರಲಿಲ್ಲ. ಎರಡು ಕೈ ಚಾಚಿ ಅಗಲ ತೋರಿಸಿದರು. ಕೈ ನಡುಗುತ್ತಿದ್ದುದರಿಂದ ಅಗಲ ಒಮ್ಮೆ ಹೆಚ್ಚಾಗುತ್ತಿತ್ತು, ಒಮ್ಮೆ ಕಡಿಮೆಯಾಗುತ್ತಿತ್ತು.

"ಒಂದ್ಕಡೆ ಇಡೀಲಾ ಕೈಯ," ಎಂದರು ದೊಡ್ಡಮಾವ. ಗದರಿದಂತೆ ಇರಲಿಲ್ಲ. ಕೈ ಎಲ್ಲಿತ್ತೋ ಅಲ್ಲಿಗೇ ಹಾರೆ ಹಾಕುತ್ತಾ ಹೋದರು.

ಮಳೆ ನಿಂತ ಮೇಲೆ ಚೌಕಟ್ಟು ಕೂರಿಸಲು ಬಡಗಿ ಬಂದ. ಮೇಲೆ ಅಗಲ, ಕೆಳಗೆ ಕಿರಿದಾಗಿದ್ದ ಆ ತೂತನ್ನು ನೋಡಿ ನಕ್ಕ. ಗೋಡೆ ಒಡೆದು ನೆಟ್ಟಗೆ ಮಾಡೋಣವೇ ಎಂದು ಕೇಳಿದ. ಆ ಮಧ್ಯಾಹ್ನ ನಡೆದದ್ದನ್ನೆಲ್ಲ ನಾನು ಅತ್ತೆಗೆ ಹೇಳಿದ್ದೆ. ಅವರು ಕಿಟಕಿಯ ಎರಡು ಅಂಚಿಗೂ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತರು.

"ನಮ್ಮನೆಯೋರ ಕೈ ಅವತ್ತು ಇಷ್ಟು ನಡುಗ್ತಂತೆ ಕಣಪ್ಪ," ಎಂದರು. "ಅಂಗೇ ಇರ್ಲಿ ಬುಡು."