ಹೆಂಚು ಹತ್ತಿದ ಗೂಢಚಾರ

"ಬಂತು ಅನ್ನೋಕೂ ಯೋಗ್ಯತೆ ಬೇಕು ಕಣೇ! ಈ ಕೆಲ್ಸಕ್ಕೆ ಹೆಂಡ್ತಿ ಯಾಕೆ? ಒಂದು ಕನ್ನಡಿ ಸಾಕು!"

ಹಾನುಬಾಳು ಹತ್ತಿರದ ಕಾಫಿ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಶಾಂತಮಲ್ಲಪ್ಪ ಈ ಘನಘೋರ ಪ್ರತಿಜ್ಞೆ ಮಾಡಿದ್ದು ಹೋದ ಭಾನುವಾರ. ಕಾರಣ ಒಂದು ಹೋತ! ಟೀವಿ ಕಾರ್ಟೂನಿನ ಗೂಢಚಾರ ಹೋತ. ಕಪ್ಪು ಕೋಟು, ಕಪ್ಪು ಕನ್ನಡಕ, ಕೆಳಗೆ ಗಡ್ಡ. ಸಿನಿಮಾದ ಗೂಢಚಾರರು ಬಾಂಬಿನ ಕೆಂಪು ವೈರು ಕತ್ತರಿಸಲೋ ಹಸಿರು ಕತ್ತರಿಸಲೋ ಎಂದು ಬೆವರಿದರೆ, ಇದು ಎರಡನ್ನೂ ಮೇದುಬಿಡುತ್ತಿತ್ತು! ಹರೆಯದಲ್ಲಿ ಸಕಲೇಶಪುರದ ಟಾಕೀಸಿನಲ್ಲಿ ಒಂದೂ ಪತ್ತೇದಾರಿ ಚಿತ್ರ ಬಿಡದ ಶಾಂತಮಲ್ಲಪ್ಪನಿಗೆ ಪ್ರತಿಯೊಂದು ಅಣಕವೂ ಗೊತ್ತಾಗುತ್ತಿತ್ತು. ಗೊತ್ತಾದದ್ದನ್ನೆಲ್ಲ ಹೆಂಡತಿ ಶಿವಲೀಲಾಗೆ ವಿವರಿಸದಿದ್ದರೆ ತಿಂದದ್ದು ಅರಗುತ್ತಿರಲಿಲ್ಲ.

"ನಂಗೆ ನಗೋಕೂ ಪುರುಸೊತ್ತು ಕೊಡ್ರೀ!" ಎನ್ನುತ್ತಿದ್ದಳು ಆಕೆ.

ಆ ಗುಡ್ಡದಲ್ಲಿ ಟೀವಿ ನೋಡುವುದು ಇಬ್ಬರ ಕೆಲಸ. ಒಬ್ಬರು ಹೆಂಚು ಹತ್ತಿ ಆಂಟೆನಾ ತಿರುಗಿಸುತ್ತ "ಬಂತಾ?" ಎನ್ನಬೇಕು. ಇನ್ನೊಬ್ಬರು ಒಳಗಿನಿಂದ "ಬಂತು... ಅಯ್ಯೋ, ಹೋಯ್ತು!" ಎಂದು ಕೂಗಬೇಕು. ಆ ಭಾನುವಾರ ಶಿವಲೀಲಾ ಉಕ್ಕುವ ಹಾಲು ಇಳಿಸಲು ಓಡಿದ್ದರಿಂದ "ಬಂತು" ತಡವಾಯಿತು. ಶಾಂತಮಲ್ಲಪ್ಪ ಇಳಿದು ಬರುವಷ್ಟರಲ್ಲಿ ಹೋತ ಬಾಂಬು ತಿಂದು ತೇಗಿತ್ತು. ಆಗ ಹೊರಟದ್ದೇ ಆ ಪ್ರತಿಜ್ಞೆ. ಮರುದಿನ ಬೆಳಗಿನ ಬಸ್ಸಿಗೆ ಶಿವಲೀಲಾ ಆಲೂರಿನ ತವರಿಗೆ ಹೊರಟೇಹೋದಳು.

ಹೋಗಲಿ ಬಿಡು ಎಂದುಕೊಂಡ. ಸಾರಿಗೆ ಉಪ್ಪು ಹೆಚ್ಚಾದಾಗ ಬೈಯಲು ಯಾರೂ ಸಿಗದೆ ತನ್ನನ್ನೇ ಬೈದುಕೊಂಡ. ಒಂದು ಸಂಜೆ ಹೋತದ ತಮಾಷೆ ನೆನಪಾಗಿ ಗಟ್ಟಿಯಾಗಿ ನಕ್ಕ. ಬಿಕೋ ಎನ್ನುವ ಮನೆಯಲ್ಲಿ ಆ ನಗು ಕೇಳಿ ಅವನಿಗೇ ಹೆದರಿಕೆಯಾಯಿತು. ಹಾಗಂತ ಆಲೂರಿಗೆ ಹೋಗಿ ಕರೆಯುವುದೇ? ಛೆ, ಗಂಡಸಿನ ಮಾತು!

ಈ ಭಾನುವಾರ ಗುಪ್ತ ಕಾರ್ಯಾಚರಣೆ! ಕಣ್ಣಿನ ಆಪರೇಷನ್ನಿನಲ್ಲಿ ಕೊಟ್ಟಿದ್ದ ಕಪ್ಪು ಕನ್ನಡಕ ಏರಿಸಿದ. ಶಿವಲೀಲಾಳ ಕನ್ನಡಿಯನ್ನು ಕಿಟಕಿಯೆದುರಿನ ಸಿಲ್ವರ್ ಓಕ್ ಮರಕ್ಕೆ ಕಟ್ಟಿದ. ಹೆಂಚಿನ ಮೇಲಿಂದಲೇ ಕನ್ನಡಿಯಲ್ಲಿ ಟೀವಿ ನೋಡುವ ಮಹೋಪಾಯ! ಏಣಿ ಹತ್ತಿದ, ಆಂಟೆನಾ ಕಂಬ ಹಿಡಿದ, ನೋಡಿದ. ಟೀವಿ ಎಲ್ಲಿ? ಕನ್ನಡಿಯಲ್ಲಿ ಕಂಡದ್ದು ಲುಂಗಿ ಕಟ್ಟಿ ಕುಕ್ಕರುಗಾಲಲ್ಲಿ ಕೂತ ಒಬ್ಬ ಒಂಟಿ ಮುದುಕ.

"ಬಂತಾ?" ರೂಢಿಯಂತೆ ಕೂಗಿಬಿಟ್ಟ. ಯಾರೂ ಓಗೊಡಲಿಲ್ಲ.

ಸಾಕಪ್ಪಾ ಸಾಕು ಎಂದು ಇಳಿಯಲು ಕಾಲು ಚಾಚಿದರೆ ಏಣಿ ಜಾರಿ ಕಾಫಿ ಗಿಡದ ಮೇಲೆ ಬಿತ್ತು! ಲೈನ್ ಮನೆಗಳ ಆಳುಗಳೆಲ್ಲ ಸಂತೆಗೆ ಹೋಗಿದ್ದರು. ಕೂಗಿ ಕೂಗಿ ದನಿ ಬಿದ್ದುಹೋಯಿತು. ಕಂಬ ತಬ್ಬಿಕೊಂಡು ಕೂತ.

"ಬಂತು! ಹಂಗೇ ಹಿಡ್ಕೊಳ್ಳಿ!" ಎಂದಿತು ಒಳಗಿನಿಂದ ಒಂದು ದನಿ.

ಶಾಂತಮಲ್ಲಪ್ಪನ ಕಪ್ಪು ಕನ್ನಡಕ ಒದ್ದೆಯಾಯಿತು. "ಲೀಲಾ! ಯಾವಾಗ್ ಬಂದ್ಯೇ? ಏಣಿ ಇಡೇ!"

"ಅಲ್ಲಾಡ್ಬ್ಯಾಡಿ! ನೀವು ಕೈ ಬಿಟ್ರೆ ಚಿತ್ರ ಹೋಗ್ಬುಡ್ತೈತೆ!"

"ತವರಲ್ಲಿ ಟೀವಿ ಇರ್ಲಿಲ್ವೇನೇ?"

"ಐತಲ್ಲ, ಕೇಬಲ್ಲು. ಗಾಜಿನಂಗೆ ಕಾಣ್ತೈತೆ. ಆದ್ರೆ ಬಂತಾ ಅಂತ ಕೇಳೋರೇ ಇಲ್ಲ ಕಣ್ರೀ. ಬ್ಯಾಸರ ಆಗೋಯ್ತು."

ಅಷ್ಟರಲ್ಲಿ ಒಳಗೆ ಬಾಂಬಿನ ಟಿಕ್ ಟಿಕ್ ಕೇಳಿಸಿತು. ಶಾಂತಮಲ್ಲಪ್ಪ ಕಂಬ ಇನ್ನೂ ಗಟ್ಟಿಯಾಗಿ ಹಿಡಿದು, ಮೆಲ್ಲಗೆ ಕೇಳಿದ: "ಹೋತ ಏನ್ ಮಾಡ್ತಾ ಐತೆ?"

"ಇರ್ರೀ! ಮೊದ್ಲು ನಾನು ನಕ್ಕೊಂತೀನಿ. ಆಮೇಲೆ ನಿಮ್ಗೆ ವಿವರ್ಸ್ತೀನಿ!"