ಅಲ್ಬೇನಿಯಾ ಗೆದ್ದ ನಮ್ಮ ಭಾವ

ನಮ್ಮ ಭಾವ ಅಲ್ಬೇನಿಯಾದ ಸ್ವಾತಂತ್ರ್ಯಕ್ಕಾಗಿ ಹೋರಾಡಿದವರು! ಹುಟ್ಟಿದ್ದು ಕಾಪುವಿನಲ್ಲಿ, ಕೆಲಸ ಸೌದಿಯ ರಾಸ್ ತನೂರಾದಲ್ಲಿ ಕ್ರೇನ್ ಓಡಿಸುವುದು, ಆ ಯುದ್ಧ ಮುಗಿದದ್ದೋ ಇವರು ಹುಟ್ಟುವ ಮೊದಲೇ. ಅಂಥ ಸಣ್ಣಪುಟ್ಟ ತೊಡಕಿಗೆಲ್ಲ ನಮ್ಮಕ್ಕನ ಗಂಡ ಹೆದರುತ್ತಾರೆಯೇ?

ಎಂಬತ್ತರ ದಶಕ. ಭಾವನ ಜೊತೆ ಕೆಲಸ ಮಾಡುವವರಲ್ಲಿ ಅಲ್ಬೇನಿಯಾದಿಂದ ಓಡಿಬಂದ ಮುದುಕ ವೆಲ್ಡರ್ ಒಬ್ಬನಿದ್ದ. ಅವನ ಅಪ್ಪ ಬೆಟ್ಟದ ಕುರಿಗಾಹಿಗಳನ್ನು ಕಟ್ಟಿಕೊಂಡು ತುರ್ಕಿ ಸುಲ್ತಾನನ ಸೈನ್ಯದ ಮೇಲೆ ಬಿದ್ದ ಕಮಾಂಡರ್. ನಮ್ಮದೇ ಬಾವುಟ ಬೇಕು, ನಮ್ಮ ಭಾಷೆಯ ಶಾಲೆ ಬೇಕು ಎಂದು ಹಟ ಹಿಡಿದವನು, ಕೊನೆಗೆ ತನ್ನವರ ಗುಂಡಿಗೇ ಸತ್ತವನು. ಮುದುಕ ಹರಕು ಅರಬಿಯಲ್ಲಿ ಹೇಳಿದ್ದು ಭಾವನ ಬಾಯಲ್ಲಿ, ನಾವೆಲ್ಲ ಒಟ್ಟಿಗಿದ್ದ ರೂಮಿಗೆ ಬರುವಾಗ ಮೂರು ಪಟ್ಟು ಬೆಳೆದಿರುತ್ತಿತ್ತು!

ಭಾವನ ಅಡುಗೆ ಪಾಳಿ ಬಂತೆಂದರೆ ನಮ್ಮ ಗ್ರಹಚಾರ. ಅಕ್ಕಿಮೂಟೆಯೇ ಪರ್ವತ, ಈರುಳ್ಳಿಯೆಲ್ಲ ಸುಲ್ತಾನನ ಸೈನಿಕರು, ಕೈಯಲ್ಲಿ ಸೌಟು!

"ಭಾವಾ, ಸಾರು ಅಡಿ ಹಿಡೀತಾ ಉಂಟು!"

"ಸಾರು ಸಾಯ್ಲಿ ಮಾರಾಯ! ಇಲ್ಲಿ ಕಮಾಂಡರನ ಮನೆಗೇ ಬೆಂಕಿ ಬಿದ್ದಿದೆ!"

ಇಷ್ಟರಲ್ಲಿ ವೆಲ್ಡರನ ಮೊಣಕಾಲು ಕೈಕೊಟ್ಟಿತು. ಅಪ್ಪನ ಹೆಸರಿನಲ್ಲಿ ಒಂದು ಉಮ್ರಾ ಯಾತ್ರೆ ಮಾಡಬೇಕೆಂದಿದ್ದ ಮುದುಕ ಹಾಸಿಗೆ ಹಿಡಿದ. ತೀರಿಹೋದವರ ಪರವಾಗಿ ಮಕ್ಕಾಕ್ಕೆ ಹೋಗಿ ಉಮ್ರಾ ಮಾಡುವುದು ನಮ್ಮಲ್ಲಿ ಉಂಟಲ್ಲ, ಅದು. ಅವನ ದೇಶದಲ್ಲಿ ಆಗ ನಮಾಜಿಗೇ ನಿಷೇಧ. ಅಪ್ಪನಿಗಾಗಿ ಬಾಯಿಬಿಟ್ಟು ದುಆ ಮಾಡಿ ದೇವರಲ್ಲಿ ಬೇಡುವವರೂ ಅಲ್ಲಿರಲಿಲ್ಲ.

"ನಾನಿಲ್ವಾ!" ಎಂದು ಎದೆ ತಟ್ಟಿಕೊಂಡರು ಭಾವ. ಆ ವರ್ಷವೇ ತೀರಿಕೊಂಡ ತಮ್ಮ ಹೆತ್ತ ಉಮ್ಮನ ಹೆಸರಿನಲ್ಲೂ ಒಂದು ಮಾಡಿಬರುತ್ತೇನೆ ಎಂದರು. ಜೊತೆಗೆ ನಾನೂ ಹೊರಟೆ.

ಮಕ್ಕಾದ ದಾರಿಯಲ್ಲಿ ತಾಯಿಫ್ ದಾಟುವಾಗ ಇಡೀ ಬಸ್ಸೇ ಕಮಾಂಡರನ ಪಡೆಯಾಗಿತ್ತು! ಉಮ್ರಾದ ಬಿಳಿ ಬಟ್ಟೆ ಉಟ್ಟ ಭಾವನನ್ನು ಮುಂದಿನ ಸೀಟಿನ ಮದರಸದ ಉಸ್ತಾದರು ಕೇಳಿದರು, "ನಿಮ್ಮದು ಆಗಿದೆಯಲ್ಲ?"

"ಎಂತದು?"

"ಉಮ್ರಾ ಮಾರಾಯ್ರೆ! ಮೊದ್ಲು ಸ್ವಂತದ್ದು ಆಗ್ಬೇಕು. ಬೇರೆಯವರದ್ದು ಮತ್ತೆ."

ಭಾವನದ್ದು ಎಲ್ಲಿ ಆಗಿದೆ! ಇಷ್ಟು ವರ್ಷ ಸೌದಿಯಲ್ಲಿದ್ದು ಪುಣ್ಯಾತ್ಮರು ಮಕ್ಕಾದ ಕಡೆಗೆ ತಲೆಯೇ ಹಾಕಿರಲಿಲ್ಲ! ಯುದ್ಧದ ಗಡಿಬಿಡಿಯಲ್ಲಿ ಪುರುಸೊತ್ತೆಲ್ಲಿ?

ಸರಿ, ಮೊದಲು ತಮ್ಮದು ಮುಗಿಸಿದರು. ಬಸ್ಸು ಹೊರಡುವುದರೊಳಗೆ ಇನ್ನೊಂದಕ್ಕೆ ಮಾತ್ರ ಸಮಯವಿತ್ತು.

"ಉಮ್ಮನದ್ದು ಮಾಡಿ ಭಾವ," ಎಂದೆ.

"ಉಮ್ಮನಿಗೆ ಊರಿಡೀ ಉಂಟು ದುಆ ಮಾಡ್ಲಿಕ್ಕೆ. ಆ ಮನುಷ್ಯನಿಗೆ ಯಾರುಂಟು?" ಎಂದರು.

ಕಾಬಾ ಸುತ್ತುವಾಗ ಕಮಾಂಡರನ ಹೆಸರು ಹೇಳಿ ಅಳುತ್ತಿದ್ದರು. ನಡುನಡುವೆ, "ಉಮ್ಮಾ, ಬೇಜಾರು ಮಾಡ್ಬೇಡಿ."

ನನ್ನದು ಹಿಂದಿನ ವರ್ಷವೇ ಆಗಿತ್ತು. ಅವರಿಗೆ ಹೇಳದೆ ಪಕ್ಕದಲ್ಲೇ ನಡೆದೆ, ಅವರ ಉಮ್ಮನ ಹೆಸರಿನಲ್ಲಿ. ಬಸ್ಸಿನಲ್ಲಿ ಅದನ್ನು ಹೇಳಿದಾಗ ಭಾವ ನನ್ನ ಕೈ ಹಿಡಿದುಕೊಂಡರು. ರಾಸ್ ತನೂರಾ ಮುಟ್ಟುವ ತನಕ ಬಿಡಲಿಲ್ಲ.