ಟಿವಿಗೆ ಬೆನ್ನು ಹಾಕಿ ಕೂತ ಮಾವ

ನಮ್ಮ ಸೋದರಮಾವನಿಗೆ ತಲೆ ಕೆಟ್ಟಿದೆ ಎಂದು ಸಿಂಧನೂರಿನಿಂದ ಲಿಂಗಸುಗೂರಿನವರೆಗೆ ಎಲ್ಲರೂ ಹೇಳುತ್ತಿದ್ದರು. ನಾನೊಬ್ಬ ಮಾತ್ರ ಒಪ್ಪುತ್ತಿರಲಿಲ್ಲ. ಕೆಡಬೇಕಾದರೆ ಮೊದಲು ಸರಿ ಇರಬೇಕಲ್ಲ!

ಹಳ್ಳಿ ಶಾಲೆಗಳಿಗೆ ಸರ್ಕಾರ ಟಿವಿ ಹಂಚಿದ ಕಾಲ ಅದು. ಸಂಜೆಯಾದರೆ ಊರಿಗೆ ಊರೇ ಶಾಲೆಯ ಅಂಗಳದಲ್ಲಿ. ಅದರಲ್ಲಿ ಬರುವ ರೈತರ ಕಾರ್ಯಕ್ರಮಗಳನ್ನು ಬರೆಯುವವನೂ ಮಾವ, ಮಾಡಿಸುವವನೂ ಮಾವ. ಕಾಲುವೆ ನೀರು ಬಂದು ಜೋಳದ ಹೊಲಗಳೆಲ್ಲ ಗದ್ದೆಯಾಗಿದ್ದವು. ಹೊಸ ಬೇಸಾಯ ತೋರಿಸುವುದು ಅವನ ಕೆಲಸ. ಅವನದೊಂದೇ ಹಠ: ಸುಳ್ಳು ಕೂಡದು. ಜನ ಮಾಡಿದ್ದನ್ನೇ ತೋರಿಸಬೇಕು, ಆಡಿದ್ದನ್ನೇ ಬರೆಯಬೇಕು. ಒಮ್ಮೆ ಒಬ್ಬ ಗೌಡರು ಇಸ್ತ್ರಿ ಧೋತರ ಉಟ್ಟು, ಸಸಿಯ ಕಟ್ಟು ಹಿಡಿದು ಕ್ಯಾಮೆರಾಕ್ಕಾಗಿ ಬದುವಿನ ಮೇಲೆ ನಿಂತರು.

"ಕೆಸರಿಗೆ ಇಳೀರಿ ಗೌಡ್ರ."

"ಧೋತರ ಕೆಡತೈತಲ್ರೀ ಸಾಹೇಬ್ರ!"

"ಧೋತರದ ಮ್ಯಾಲ ನೆಲ್ಲು ಬೆಳಿಯಾಂಗಿಲ್ರೀ."

ಗೌಡರು ಇಳಿದರು. ಮೊಣಕಾಲವರೆಗೆ ಹೂತರು. ನಾಲ್ವರು ಸೇರಿ ಎಳೆದು ತೆಗೆದದ್ದೂ ಟಿವಿಯಲ್ಲಿ ಬಂತು!

ಮನೆಯಲ್ಲಾದರೂ ಸುಮ್ಮನಿದ್ದನೇ? ಅತ್ತೆ ಬೈಯತೊಡಗಿದರೆ ನೋಟ್‌ಬುಕ್ ತೆಗೆದು, "ತಡೀ, ಇನ್ನೊಮ್ಮಿ ಬೈ, ಬರಕೋತೀನಿ" ಎನ್ನುತ್ತಿದ್ದ. ಆ ಬೈಗುಳ ಮುಂದಿನ ವಾರ ಟಿವಿಯಲ್ಲಿ, ಯಾರೋ ರೈತನ ಹೆಂಡತಿಯ ಬಾಯಲ್ಲಿ. ಅತ್ತೆಯ ಸಿಟ್ಟೇ ಬೇರೆ: "ಬೈದಾಕಿ ನಾನು. ನನ್ನ ಹೆಸರ ಹಾಕಿಲ್ಲ ನೋಡ್ರಿ!"

ಇನ್ನೂ ವಿಚಿತ್ರವೆಂದರೆ ತನ್ನ ಕಾರ್ಯಕ್ರಮವನ್ನು ಅವನು ನೋಡುತ್ತಲೇ ಇರಲಿಲ್ಲ. ಟಿವಿಗೆ ಬೆನ್ನು ಹಾಕಿ, ಜನರಿಗೆ ಎದುರಾಗಿ ಕೂತು, ಅವರ ಮುಖ ನೋಡಿ ಬರೆದುಕೊಳ್ಳುತ್ತಿದ್ದ. "ಸಾಹೇಬ್ರ, ಟಿವಿ ಆ ಕಡೀಗೈತ್ರೀ!" ಎಂದು ಮುದುಕರು ಮರುಗುತ್ತಿದ್ದರು.

ನಾನಾಗ ಲಿಂಗಸುಗೂರಿನ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದೆ. ನಮ್ಮೂರು ಸಾಲಗುಂದದಲ್ಲಿ ನಮಗೆ ನೀರಾವರಿ ಜಮೀನಿದೆ, ಆಳುಕಾಳಿದ್ದಾರೆ ಎಂದು ಗೆಳೆಯರ ಮುಂದೆ ಕೊಚ್ಚಿಕೊಂಡಿದ್ದೆ. ನಿಜ ಹೇಳಬೇಕೇ? ಅಪ್ಪ ಇರಲಿಲ್ಲ. ಅವ್ವ ಕಂಡವರ ಗದ್ದೆಯಲ್ಲಿ ಸಸಿ ಹಚ್ಚುವ ಕೂಲಿಗೆ ಹೋಗಿ ನನ್ನನ್ನು ಓದಿಸುತ್ತಿದ್ದಳು.

ಒಂದು ದಿನ ಮಾವ ಬಂದು, "ಸಂಜೀಕ ಬಾಜೂ ಹಳ್ಳಿ ಶಾಲಿಗೆ ಬಾರಲೇ, ನಿನಗೊಂದು ತೋರಸ್ತೀನಿ" ಎಂದ. ಗೆಳೆಯರನ್ನೂ ಕಟ್ಟಿಕೊಂಡು ಹೋದೆ. ಮಾವ ಎಂದಿನಂತೆ ನಮ್ಮ ಕಡೆ ಮುಖ ಮಾಡಿ ಕೂತಿದ್ದ. ಅವನ ಬೆನ್ನ ಹಿಂದೆ ಟಿವಿಯಲ್ಲಿ ಊರಿನ ಹೆಸರು ಬಂತು, ಸಾಲಗುಂದದ ಗದ್ದೆ ಬಂತು. ಸೀರೆ ಎತ್ತಿ ಕಟ್ಟಿ, ಬಗ್ಗಿ ಸಸಿ ಹಚ್ಚುತ್ತ ಬಂದವಳು ನಮ್ಮವ್ವ!

"ಏನ್ ಕೈಲೇ ಆಕೀದು, ಮಷೀನ್ ಆಗೈತಿ! ನಿಮ್ಮೂರಾಕಿ ಅಲ್ಲೇನು? ಯಾರಲೇ?" ಎಂದು ಪಕ್ಕದ ಗೆಳೆಯ ತಿವಿದ.

"ಯಾರಿಗ್ಗೊತ್ತು? ಯಾರೋ ಕೂಲ್ಯಾಕಿ" ಎಂದೆ.

ಹೌದು, ಹಾಗೇ ಎಂದೆ. ಬರೆಯುವಾಗ ಈಗಲೂ ನಾಚಿಕೆಯಿಂದ ಕಿವಿ ಬಿಸಿಯಾಗುತ್ತದೆ. ಎದುರಿಗೇ ಇದ್ದ ಮಾವ ನನ್ನ ಮುಖ ನೋಡಿದ, ಪೆನ್ನು ಮುಚ್ಚಿ ಜೇಬಿಗಿಟ್ಟ.

ಮರುದಿನ ಅವನೊಂದಿಗೇ ಊರಿಗೆ ಹೊರಟೆ. ಮಸ್ಕಿ ಬಂತು, ಸಿಂಧನೂರು ಬಂತು, ಮಾವ ಬಸ್ಸಿನ ಕಿಟಕಿಯಾಚೆಯ ಗದ್ದೆಗಳನ್ನೇ ನೋಡುತ್ತಿದ್ದ. ಎರಡು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ! ನಮ್ಮೂರಿಗೆ ಟಿವಿ ಬಂದಿರಲಿಲ್ಲ. ತನ್ನನ್ನು ತಾನು ನೋಡದ ಅವ್ವ ಬಾಗಿಲಲ್ಲೇ ಕಾಯುತ್ತ ನಿಂತಿದ್ದಳು.

"ತಮ್ಮಾ, ಇವ ನೋಡಿದ್ನೇನು? ನನ್ನ ನೋಡಿ ಏನಂದ?"

ನಾನು ಮಾವನ ಕಡೆ ತಿರುಗಿದೆ. ಆಡಿದ್ದನ್ನೇ ಹೇಳುವ ಮನುಷ್ಯ ಇವನು!

"ನೋಡಿದ ಅಕ್ಕ. ಎದ್ದು ನಿಂತು 'ನಮ್ಮವ್ವ!' ಅಂತ ಒದರಿದ. ಹಿಂದಿನವ್ರು ಕುಂದ್ರಲೇ ಅಂತ ಬೈದ್ರು."

ಅವ್ವನ ಮುಖ ಅರಳಿತು. ಮರುಗಳಿಗೆಗೇ ಗಾಬರಿಯಾಯಿತು. ಕೆಸರಿಗೆ ಬಿರಿದ ಕೈಯಿಂದ ನನ್ನ ಗದ್ದ ಹಿಡಿದಳು.

"ಹುಚ್ಚ ಅದೀಯೇನೋ? ಅಷ್ಟು ಮಂದ್ಯಾಗ ಯಾಕ ಹಂಗ ಅಂದಿ ನನ್ನಪ್ಪ? ಗೆಳ್ಯಾರ ಮುಂದ ನಿನ್ನ ಮಾನ ಹೋಗ್ತೈತಲ್ಲೋ. ಇನ್ನೊಮ್ಮಿ ಯಾರರ ಕೇಳಿದ್ರ, ನನಗ ಗೊತ್ತಿಲ್ಲ ಅಂದುಬಿಡು."